ಪುಸ್ತಕದ ಅಣ್ಣನಿಗೆ ಧನ್ಯವಾದ

ನಮ್ಮ ತಾಳವಾಡಿ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ್ದು, ಮನೆಮಾತು ಮಾತ್ರ ಕನ್ನಡ. ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು ಇಳಿದರೂ ಕನ್ನಡ ಪುಸ್ತಕ ಸಿಗೋದು ಕಷ್ಟ. ಆಗ ಹೆಗಲಿಗೆ ಚೀಲ ಹಾಕಿಕೊಂಡು ಬೆಟ್ಟದ ಹಳ್ಳಿಗಳಿಗೆ ಪುಸ್ತಕ ತರುತ್ತಿದ್ದವರು ನೀವು.

ನಿಮಗೆ ಮಾತು ಕಮ್ಮಿ, ನಾಚಿಕೆ ಜಾಸ್ತಿ. ಜಗಲಿ ಮೇಲೆ ಟವೆಲ್ ಹಾಸಿ, ಪುಸ್ತಕ ಜೋಡಿಸಿ, ದೂರ ಹೋಗಿ ನಿಲ್ಲುತ್ತಿದ್ದಿರಿ. ಕಥೆ ಪುಸ್ತಕಗಳ ಪಕ್ಕ ಒಂದು ಬೈಬಲ್ಲೂ ಇರುತ್ತಿತ್ತು. ಓದಿ ಅಂತ ಯಾರನ್ನೂ ಒತ್ತಾಯ ಮಾಡಲಿಲ್ಲ. ಯೇಸುವಿನ ಬಗ್ಗೆ ಕೇಳಿದರೆ ಮಾತ್ರ ಮೆಲ್ಲಗೆ ಹೇಳುತ್ತಿದ್ದಿರಿ, ಆಗ ನಿಮ್ಮ ಮುಖ ಅರಳುತ್ತಿತ್ತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಪಾದ್ರಿಯವರ ನಿಘಂಟಿನ ವಿಷಯ ನನಗೆ ಗೊತ್ತಾಗಿದ್ದೂ ನಿಮ್ಮಿಂದಲೇ.

ನಮ್ಮಜ್ಜಿ ಮಾದಪ್ಪನ ಒಕ್ಕಲು. ಆದರೂ ನಿಮಗೆ ಮುದ್ದೆ ಬಡಿಸದೆ ಕಳಿಸುತ್ತಿರಲಿಲ್ಲ, ಅಲ್ವಾ? ಎಲ್ಲಿದ್ದರೂ ಚೆನ್ನಾಗಿರಿ ಅಣ್ಣಾ. ಈ ಕಡೆ ಬಂದರೆ ನಮ್ಮ ಮನೆಗೇ ಊಟಕ್ಕೆ ಬರಬೇಕು.