ಮನೆಯ ಕೂಸಿಗೂ ಶಾಲೆಯ ಹುಡುಗರಿಗೂ

ಪ್ರೀತಿಯ ಮಗಳೇ,

ಒಂಬತ್ತನೇ ತರಗತಿಯವರಿಗೆ ಲೈಂಗಿಕ ಶಿಕ್ಷಣದ ಪಾಠ ನಿನ್ನ ಪಾಲಿಗೆ ಬಂದಿದೆ ಅಂತ ನಿಮ್ಮವ್ವ ಹೇಳಿದಳು. "ಸಣ್ಣ ಮಕ್ಕಳ ತಾಯಿ ನೀನು, ಇಂಥದ್ದೆಲ್ಲ ಯಾಕ ಹೇಳಾಕ ಹೋಗ್ತಿ" ಅಂತ ನಿಮ್ಮತ್ತೆ ಬೇಜಾರು ಮಾಡಿಕೊಂಡರಂತೆ. ಆ ಪಾಠ ನೀನೇ ಮಾಡು. ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಲ್ಲಿ ನರ್ಸ್ ಆಗಿ ಮನೆಮನೆ ತಿರುಗಿದವಳು ನಾನು, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ. ಮನೆಯಲ್ಲಿ ನಿನ್ನ ಮೂರು ವರ್ಷದ ಮಗನಿಗೆ, ಆರು ವರ್ಷದ ಮಗಳಿಗೆ ಹೇಳುವುದೂ ಶಾಲೆಯಲ್ಲಿ ಹೇಳುವುದೂ ಒಂದೇ ಪಾಠ. ವಯಸ್ಸು ಮಾತ್ರ ಬೇರೆ.

ಮೊದಲು ಮನೆಯದು. ಸ್ನಾನ ಮಾಡಿಸುವಾಗ ಕಣ್ಣು, ಕಿವಿ, ಹೊಟ್ಟೆ ಅಂತ ಹೇಳಿಕೊಡುತ್ತೀಯಲ್ಲ, ಹಾಗೇ ಕೆಳಗಿನದಕ್ಕೂ ಸರಿಯಾದ ಹೆಸರು ಹೇಳು, ನಗಬೇಡ. ಅಲ್ಲಿ ನೋವಾದರೆ, ಯಾರಾದರೂ ಅಲ್ಲಿ ಮುಟ್ಟಿದರೆ, ಮಗು ನಾಚದೆ ಹೇಳುವಂತಿರಬೇಕು. ಮಗಳು "ಕೂಸು ಹೊಟ್ಟೆಯಿಂದ ಹೆಂಗ ಹೊರಗ ಬರ್ತದ" ಅಂತ ಕೇಳಿದಳಂತೆ, ನೀನು ದೇವರು ಕೊಡ್ತಾನ ಅಂದೆಯಂತೆ. "ಅವ್ವನ ಹೊಟ್ಟೆಯೊಳಗೆ ಗರ್ಭಕೋಶ ಅಂತ ಒಂದು ಚೀಲ ಇರುತ್ತದೆ, ಕೂಸು ಅಲ್ಲಿ ಬೆಳೆದು ಕೆಳಗಿನ ದಾರಿಯಿಂದ ಬರುತ್ತದೆ" ಅಂದರೆ ಸಾಕು. ಕೇಳಿದಷ್ಟಕ್ಕೆ ಉತ್ತರ, ಅದೂ ನಿಜವಾದದ್ದು. ಮುಂದಿನದು ಬೇಕಾದಾಗ ಅವಳೇ ಕೇಳುತ್ತಾಳೆ.

ಇನ್ನೊಂದು. ಮದುವೆ, ಜಾತ್ರೆ ಅಂತ ನಾವೆಲ್ಲ ಸೇರಿದಾಗ "ಕಾಕಾಗ ಒಂದು ಮುತ್ತು ಕೊಡು" ಅಂತ ಕೂಸನ್ನು ಹಿಡಿದು ಮುಂದೆ ತಳ್ಳುತ್ತಾರಲ್ಲ, ನೀನು ಅದಕ್ಕೆ ಒಪ್ಪಬೇಡ. ಕೂಸು ಒಲ್ಲೆ ಅಂದರೆ ನಮಸ್ಕಾರ ಮಾಡಿಸು. ಹಿರಿಯರು ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ತನ್ನ ಮೈ ಮುಟ್ಟಲು ಬಂದವರಿಗೆ ಒಲ್ಲೆ ಅನ್ನಬಹುದು ಅಂತ ಮನೆಯಲ್ಲೇ ಗೊತ್ತಿಲ್ಲದ ಹುಡುಗಿ, ಹದಿನೈದು ವರ್ಷಕ್ಕೆ ಬಸ್ಸಿನಲ್ಲಿ ಯಾರೋ ಮೈಗೆ ಒತ್ತಿಕೊಂಡು ನಿಂತಾಗ ಬಾಯಿ ತೆರೆಯುವುದು ಹೇಗೆ? ಹುಡುಗರಿಗೂ ಅಷ್ಟೇ. ಒಲ್ಲೆ ಅಂದರೆ ನಿಲ್ಲಿಸಬೇಕು ಅನ್ನುವುದನ್ನು ನಿನ್ನ ಮಗ ಅಕ್ಕನ ಜೊತೆ ಆಡುವಾಗಲೇ ಕಲಿಯಲಿ.

ಈಗ ಶಾಲೆ. ಹುಡುಗ ಹುಡುಗಿಯರನ್ನು ಮೊದಲ ಸಲ ಬೇರೆ ಬೇರೆ ಕೂರಿಸು, ಆಮೇಲೆ ಒಟ್ಟಿಗೆ. ಮುಟ್ಟಿನ ಬಗ್ಗೆ ಹುಡುಗರಿಗೆ ತಿಳಿಯದಿದ್ದರೆ ಲಂಗದ ಮೇಲಿನ ಕಲೆ ನೋಡಿ ನಗುವುದು ನಿಲ್ಲುವುದಿಲ್ಲ. ಒಂದು ಡಬ್ಬಿ ಇಟ್ಟು, ಹೆಸರು ಬರೆಯದೆ ಚೀಟಿ ಹಾಕಿ ಅನ್ನು. ಆಗ ನೋಡು ಏನೇನು ಬರುತ್ತದೆ! ಹುಡುಗರು ಕೇಳುವುದು ಜಾಸ್ತಿ ಒಂದೇ: ರಾತ್ರಿ ನಿದ್ದೆಯಲ್ಲಿ ವೀರ್ಯ ಹೋದರೆ ಶಕ್ತಿ ಹೋಗುತ್ತದಾ ಅಂತ. ಹೋಗುವುದಿಲ್ಲ, ಅದು ರೋಗವಲ್ಲ, ಆ ವಯಸ್ಸಿನಲ್ಲಿ ಸಹಜ ಅಂತ ಗಟ್ಟಿಯಾಗಿ ಹೇಳು. ಈ ಒಂದು ಮಾತು ಯಾರೂ ಹೇಳದಿದ್ದಕ್ಕೆ ಎಷ್ಟೋ ಹುಡುಗರು ಗೋಡೆಯ ಮೇಲೆ ಗುಪ್ತರೋಗ ಅಂತ ಬರೆಸಿಕೊಂಡವರ ಹತ್ತಿರ ಹೋಗಿ ದುಡ್ಡು ಕಳೆದುಕೊಂಡು ಒಳಗೊಳಗೇ ಕೊರಗುತ್ತಾರೆ. ಹುಡುಗಿಯರು ಬಿಳಿ ಹೋಗುವುದರ ಬಗ್ಗೆ ಕೇಳುತ್ತಾರೆ. ಸ್ವಲ್ಪ ಹೋಗುವುದು ಸಹಜ, ವಾಸನೆ, ತುರಿಕೆ ಇದ್ದರೆ ಡಾಕ್ಟರಿಗೆ ತೋರಿಸಬೇಕು. ಮುಟ್ಟು ಶುರುವಾದ ಮೊದಲ ಒಂದೆರಡು ವರ್ಷ ಅದು ತಿಂಗಳಿಗೆ ಸರಿಯಾಗಿ ಬರುವುದಿಲ್ಲ, ಅದಕ್ಕೆ ಹೆದರಬೇಕಿಲ್ಲ. ವಾರಕ್ಕೊಂದು ಕೊಡುವ ನೀಲಿ ಕಬ್ಬಿಣದ ಮಾತ್ರೆಯನ್ನು ಮಕ್ಕಳಾಗೋದಿಲ್ಲ ಅಂತ ಹೆದರಿ ಕಿಟಕಿಯಿಂದ ಎಸೆಯುತ್ತಾರೆ. ಊಟದ ಮೇಲೆ ನಿನ್ನ ಮುಂದೆಯೇ ನುಂಗಿಸು.

ಗಂಡೋ ಹೆಣ್ಣೋ ಅನ್ನುವುದು ತಂದೆಯ ವೀರ್ಯಾಣುವಿನಲ್ಲಿ ಎಕ್ಸ್ ವರ್ಣತಂತು ಇದೆಯೋ ವೈ ವರ್ಣತಂತು ಇದೆಯೋ ಅನ್ನುವುದರ ಮೇಲೆ ಹೋಗುತ್ತದೆ. ಎಂಟನೇ ತರಗತಿಯ ವಿಜ್ಞಾನದಲ್ಲೇ ಓದಿರುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆತಿರುತ್ತಾರೆ. ಮೂರನೆಯದೂ ಹೆಣ್ಣಾಯಿತು ಅಂತ ಬಾಣಂತಿಯನ್ನು ಬೈಯುವ ಮನೆಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ, ಆದ್ದರಿಂದ ಇದನ್ನು ಮಾತ್ರ ಎರಡು ಸಲ ಹೇಳು.

ಕಾನೂನು ಬಿಡಬೇಡ. ಹುಡುಗಿಗೆ 18, ಹುಡುಗನಿಗೆ 21 ಆಗದೆ ಮದುವೆ ಇಲ್ಲ. ನಮ್ಮ ಕಡೆ ಹತ್ತನೇ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಹುಡುಗಿಯರು ಮದುವೆಯಾಗಿ ಹೋಗಿಬಿಡುತ್ತಾರೆ, ನಿನಗೂ ಗೊತ್ತು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾನೂನಿನಲ್ಲಿ 18ರ ಒಳಗಿನವರೆಲ್ಲ ಮಕ್ಕಳೇ, ಅವರ ಒಪ್ಪಿಗೆ ಲೆಕ್ಕಕ್ಕಿಲ್ಲ. ಪ್ರೀತಿ ಅಂತ ಹದಿನೇಳರ ಹುಡುಗಿಯನ್ನು ಕರೆದುಕೊಂಡು ಹೋದ ಹುಡುಗನ ಮೇಲೂ ಕೇಸ್ ಆಗುತ್ತದೆ ಅಂತ ಹುಡುಗರಿಗೆ ಸ್ಪಷ್ಟವಾಗಿ ತಿಳಿಸು. 1098 ಮಕ್ಕಳ ಸಹಾಯವಾಣಿ, ಬೋರ್ಡಿನ ಮೂಲೆಯಲ್ಲಿ ಬರೆದಿಡು.

ಒಂದು ದಿನ ಒಬ್ಬಳು ಪಾಠ ಮುಗಿದ ಮೇಲೆ ನಿಂತು "ಟೀಚರ್, ಯಾರಿಗೂ ಹೇಳಬ್ಯಾಡ್ರಿ" ಅಂತ ಶುರು ಮಾಡುತ್ತಾಳೆ. ಅಪ್ಪ ಅವ್ವ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿ, ಅಜ್ಜಿಯ ಹತ್ತಿರ ಉಳಿದ ಮಗು ಇರಬಹುದು. ಆಯ್ತು, ಹೇಳಲ್ಲ ಅಂತ ಮಾತು ಕೊಡಬೇಡ. ಲೈಂಗಿಕ ದೌರ್ಜನ್ಯ ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸದೆ ಇರುವುದೂ ಅದೇ ಕಾನೂನಿನಲ್ಲಿ ಅಪರಾಧ. "ನಿನಗೆ ಸಹಾಯ ಮಾಡುವವರಿಗೆ ಮಾತ್ರ ಹೇಳ್ತೀನಿ, ಓಣಿಯಲ್ಲಿ ಹೇಳಲ್ಲ" ಅನ್ನು. ತಪ್ಪು ನಿನ್ನದಲ್ಲ ಅಂತ ಮೊದಲು ಹೇಳು. ಅಗೆದು ಅಗೆದು ಕೇಳಬೇಡ.

ಅಂಥದ್ದು ಕೇಳಿ ಮನೆಗೆ ಬಂದ ದಿನ ನಿನ್ನ ಮಕ್ಕಳನ್ನು ನೋಡಿದರೆ ಎದೆ ಧಸಕ್ ಅನ್ನುತ್ತದೆ, ಎಲ್ಲರ ಮೇಲೂ ಅನುಮಾನ ಬರುತ್ತದೆ. ಬರಲಿ, ಅದು ತಾಯಿಯ ಕರುಳು. ಆದರೆ ಆ ಭಯವನ್ನು ಕೂಸುಗಳ ಮೇಲೆ ಹೇರಬೇಡ. ಗಂಡನ ಹತ್ತಿರ ಹೆಸರು ಹೇಳದೆ ಮನಸ್ಸು ಹಗುರ ಮಾಡಿಕೋ, ಇಲ್ಲದಿದ್ದರೆ ನನಗೆ ಫೋನ್ ಮಾಡು. ಹಾಗೇ ನಿನ್ನ ಮಗಳ ಮಾತನ್ನು ತರಗತಿಯಲ್ಲಿ ಉದಾಹರಣೆಗೆ ಎಳೆಯಬೇಡ. ಊರು ಸಣ್ಣದು, ನಾಳೆ ಅವಳೂ ಅದೇ ಶಾಲೆಗೆ ಬರುವವಳು.

ಪಾಠಕ್ಕೆ ಮೊದಲು ಪಾಲಕರ ಸಭೆ ಕರೆಸು ಅಂತ ಹೆಡ್‌ಮಾಸ್ತರಿಗೆ ಹೇಳು. 2007ರಲ್ಲಿ ಈ ಪಾಠಕ್ಕೆ ವಿರೋಧ ಎದ್ದು ನಮ್ಮ ರಾಜ್ಯದಲ್ಲೂ ನಿಲ್ಲಿಸಿದ್ದರು, ಜನರಿಗೆ ಇದರಲ್ಲಿ ಏನಿದೆ ಅಂತ ಯಾರೂ ಕೂರಿಸಿಕೊಂಡು ಹೇಳಿರಲಿಲ್ಲ. ನೀನು ಏನು ಹೇಳಿಕೊಡುತ್ತೀಯೋ ಅದನ್ನೇ ಅವರ ಮುಂದೆ ಓದು. ಸರ್ಕಾರಿ ಆಸ್ಪತ್ರೆಯ ಸ್ನೇಹ ಕ್ಲಿನಿಕ್ಕಿನವರನ್ನೂ ಕರೆಸು, ಹದಿಹರೆಯದವರಿಗೆ ಅಂತಲೇ ಇರುವುದು ಅದು. ನಿಮ್ಮತ್ತೆಯನ್ನೂ ಆ ಸಭೆಗೆ ಕರೆದುಕೊಂಡು ಹೋಗು.

ನಿನ್ನ ದೊಡ್ಡವ್ವ
ಬಾಗಲಕೋಟೆ