ಮಳೆಗಾಲದ ಗೊಬ್ಬರದ ಡ್ರಮ್ಮಿನ ಬಗ್ಗೆ ಸೂಚನೆ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ.

ಉಡುಪಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ತೇವ ತುಂಬಿರುವುದರಿಂದ, ಬೇಸಿಗೆಯಲ್ಲಿ ಚೆನ್ನಾಗಿ ಗೊಬ್ಬರವಾಗುತ್ತಿದ್ದ ಅಡುಗೆಮನೆಯ ಹಸಿಕಸ ನೀರು ಬಿಟ್ಟುಕೊಂಡು, ಗಾಳಿಯಾಡದೆ ಕೊಳೆತು ನಾರತೊಡಗುತ್ತದೆ. ಆಗ ಬೇಸತ್ತು ಎಲ್ಲವನ್ನೂ ಮತ್ತೆ ಕಸದ ಗಾಡಿಗೆ ಹಾಕುವವರೇ ಹೆಚ್ಚು ಎಂಬುದು ನನ್ನ ಚಿಂತೆ. ದಯವಿಟ್ಟು ಕೈಬಿಡಬೇಡಿ. ಒಂದು ಬಟ್ಟಲು ಹಸಿಕಸಕ್ಕೆ ಎರಡು ಬಟ್ಟಲು ಒಣ ತರಗೆಲೆ ಅಥವಾ ತೆಂಗಿನ ನಾರಿನ ಪುಡಿ ಬೆರೆಸಿ, ವಾರಕ್ಕೆರಡು ಬಾರಿ ಕೋಲಿನಿಂದ ತಿರುವಿದರೆ ವಾಸನೆ ಇಳಿಯುತ್ತದೆ. ಒಂದು ಹಿಡಿ ತೆಗೆದು ಹಿಂಡಿ ನೋಡಿ: ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಿದರೆ ತೇವ ಸರಿಯಾಗಿದೆ, ನೀರು ಧಾರೆಯಾಗಿ ಇಳಿದರೆ ಇನ್ನಷ್ಟು ತರಗೆಲೆ ಬೇಕು. ಆದ್ದರಿಂದ ಹಲಸು, ಮಾವಿನ ಮರದಡಿಯ ಎಲೆಗಳನ್ನು ಗುಡಿಸಿ ಸುಡುವ ಅಭ್ಯಾಸವನ್ನು ನಿಲ್ಲಿಸಿ, ಮಳೆ ಹಿಡಿಯುವ ಮೊದಲೇ ಗೋಣಿಚೀಲಗಳಲ್ಲಿ ತುಂಬಿ ಒಣ ಜಾಗದಲ್ಲಿ ಇಟ್ಟುಕೊಳ್ಳಬೇಕು.

ಮೀನಿನ ತಲೆ, ಸಿಗಡಿ ಸಿಪ್ಪೆಗಳನ್ನು ಡ್ರಮ್ಮಿಗೆ ಹಾಕಬೇಡಿ. ತೆಂಗಿನ ಬುಡದಿಂದ ತುಸು ದೂರ, ಒಂದಡಿಗಿಂತ ಆಳವಾಗಿ ಹೂಳುವುದೇ ಮೇಲು.

ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ಮಣ್ಣು ಆಮ್ಲೀಯವಾಗಿದ್ದು, ಜಡಿಮಳೆ ಅದರ ಸಾರವನ್ನೂ ತೊಳೆದೊಯ್ಯುವುದರಿಂದ, ಬಸಳೆ, ಹರಿವೆ, ಬೆಂಡೆಯ ಬುಡಕ್ಕೆ ಗೊಬ್ಬರವನ್ನು ಒಮ್ಮೆಲೇ ಸುರಿಯದೆ ಹದಿನೈದು ದಿನಕ್ಕೊಮ್ಮೆ ಹಿಡಿಹಿಡಿಯಾಗಿ ಕೊಟ್ಟು, ಮೇಲೆ ಸೊಪ್ಪು ಮುಚ್ಚುವುದು ಒಳ್ಳೆಯದು. ಬೀಜ ಮೊಳೆಯಿಸಲು ಪ್ಲಾಸ್ಟಿಕ್ ಚೀಲ ಕೊಳ್ಳುವ ಅಗತ್ಯವೇ ಇಲ್ಲ. ತಳದಲ್ಲಿ ತೂತು ಮಾಡಿದ ತೆಂಗಿನ ಗೆರಟೆ ಸಾಕಾಗುತ್ತದೆ.

ತರಗೆಲೆ ಹೆಚ್ಚಾಗಿರುವ ಮನೆಯವರು ಇಲ್ಲಿ ತಿಳಿಸಿದರೆ, ಅಂಗಳವಿಲ್ಲದ ಫ್ಲ್ಯಾಟುಗಳ ಸದಸ್ಯರು ಬಂದು ಒಯ್ಯುತ್ತಾರೆ.