ಅವತ್ತು ನೀನು ಯಾವ ಬಣ್ಣದ ಲಂಗ ಹಾಕಿದ್ದೆ?

ಶಿಡ್ಲಘಟ್ಟ ತಾಲ್ಲೂಕು
ಬುಧವಾರ ರಾತ್ರಿ

ಪುಟ್ಟಿ,

ಭಾನುವಾರ ಜರ್ಮನಿಗೆ ಹೋಗೋ ವಿಷಯಕ್ಕೆ ನನ್ನ ಜೊತೆ ಜಗಳ ಆಗಿ ನೀನು ಊಟ ಮಾಡದೆ ಬಸ್ಸು ಹತ್ತಿದ ಮೇಲೆ ನಿಮ್ಮಮ್ಮ ಹಿತಕಿದ ಬೇಳೆ ಸಾರನ್ನು ಹಾಗೇ ಮುಚ್ಚಿಟ್ಟಳು. ಸೋಮವಾರ ಬೆಳಿಗ್ಗೆ ಅದನ್ನೇ ಬಿಸಿ ಮಾಡಿ ನನ್ನ ಮುದ್ದೆ ಪಕ್ಕ ಸುರಿದಳು. ಒಂದು ಮಾತಿಲ್ಲ. ಎರಡು ಗಂಟೆ ಕೂತು ಅವರೆಕಾಳು ಹಿತಕಿದ್ದು ನನಗಲ್ಲ ಅಂತ ತಟ್ಟೆ ಇಟ್ಟ ಸದ್ದಲ್ಲೇ ಗೊತ್ತಾಯಿತು.

ಫೋನ್ ಮಾಡಬಹುದಿತ್ತು. ಮಾಡಿದರೆ ನನ್ನ ದನಿ ಮತ್ತೆ ಏರುತ್ತದೆ, ನೀನು 'ಆಯ್ತಪ್ಪ' ಅಂತ ಇಟ್ಟುಬಿಡುತ್ತೀಯ. ನಿನ್ನ 'ಆಯ್ತಪ್ಪ' ಬೈಗುಳಕ್ಕಿಂತ ಕೆಟ್ಟದ್ದು. ಅದಕ್ಕೆ ಈ ಕಾಗದ. ನಿನ್ನ ಚಿಕ್ಕಪ್ಪನ ಮಗ ಶನಿವಾರ ಬೆಂಗಳೂರಿಗೆ ಬರುತ್ತಿದ್ದಾನೆ. ಅವರೆಕಾಯಿ ಚೀಲದ ಜೊತೆ ಇದನ್ನೂ ಕೊಡುತ್ತಾನೆ.

ಯಾರು ಏನಂದರು ಅಂತ ಮತ್ತೆ ಬರೆಯುವುದಿಲ್ಲ. ಇಬ್ಬರಿಗೂ ನೆನಪಿದೆ. ಒಂದು ಮಾತು ಮಾತ್ರ ನಾನು ವಾಪಸ್ ತಗೊಳ್ಳಬೇಕು. 'ನಿನ್ನನ್ನ ಓದಿಸಿದ್ದೇ ತಪ್ಪಾಯ್ತು' ಅಂದೆನಲ್ಲ, ಅದು. ಓದಿಸಿದ್ದು ತಪ್ಪಲ್ಲ. ಸಾಲ ಮಾಡಿ ಓದಿಸಿದ್ದೂ ತಪ್ಪಲ್ಲ. ಆ ಮಾತು ಬಾಯಿಗೆ ಎಲ್ಲಿಂದ ಬಂತೋ. ನಮ್ಮಪ್ಪ ಯಾರಿಗೋ ಅಂದಿದ್ದು ಕಿವಿಯಲ್ಲಿ ಉಳಿದುಕೊಂಡಿತ್ತೇನೋ.

ಇನ್ನೊಂದು ಹೇಳಿದರೆ ನಗುತ್ತೀಯ. ಸೋಮವಾರ ರೇಷ್ಮೆ ಗೂಡಿನ ಮಾರ್ಕೆಟ್ಟಿಗೆ ಹೋಗಿದ್ದೆ. ನಮ್ಮ ಹುಳ ಇನ್ನೂ ಮೂರನೇ ಸಲ ಪೊರೆ ಬಿಡೋ ಜ್ವರದಲ್ಲಿದ್ದವು, ಅಲ್ಲಿ ನನಗೇನೂ ಕೆಲಸ ಇರಲಿಲ್ಲ. ರೇಟು ನೋಡಿಕೊಂಡು ಬರೋಣ ಅಂತ. ಹಿಂದಿನ ದಿನ ನಿನ್ನ ಮೇಲೆ ಕೂಗಾಡಿದ ಅದೇ ಬಾಯಲ್ಲಿ ಗೂಡು ಕೊಂಡು ನೂಲು ತೆಗೆಸೋ ನಾಲ್ಕು ಜನ ರೀಲರುಗಳ ಮುಂದೆ 'ನನ್ನ ಮಗಳು ಜರ್ಮನಿಗೆ ಹೋಗ್ತಾ ಅವಳೆ' ಅಂದೆ. ಕೇಳದೆ ಇದ್ದವರಿಗೂ ಹೇಳಿದೆ. ಟೀ ನಾನೇ ಕೊಡಿಸಿದೆ.

ಟೀ ಅಂಗಡಿಯಿಂದ ಈಚೆ ಬಂದಾಗ ಕಣ್ಣು ಆ ಕಂಬದ ಕಡೆ ಹೋಯಿತು. ನೀನು ಕೂತಿದ್ದ ಜಾಗ.

2006. ದಸರಾ ರಜೆ. ನೀನು ಮೂರನೇ ಕ್ಲಾಸು. ಆಗ ಈಗಿನ ಹಾಗೆ ಇ-ಹರಾಜು ಇರಲಿಲ್ಲ, ಗೂಡಿನ ಒಂದು ಲಾಟಿನಿಂದ ಇನ್ನೊಂದು ಲಾಟಿಗೆ ನಡೆದುಕೊಂಡು ಹೋಗಿ ರೇಟು ಕೂಗುತ್ತಿದ್ದರು. ನಮ್ಮದು 68 ಕೇಜಿ 400 ಗ್ರಾಂ. ಒಳ್ಳೆ ರೇಟೇ ಬಿತ್ತು. ಖಾಲಿ ಗೋಣಿಚೀಲದ ಮೇಲೆ ನಿನ್ನನ್ನು ಕೂರಿಸಿ 'ಇಲ್ಲೇ ಇರು, ದುಡ್ಡು ಇಸ್ಕೊಂಡು ಬರ್ತೀನಿ' ಅಂತ ಹೋದೆ. ಕೌಂಟರಿನಲ್ಲಿ ಸಾಲು ಇತ್ತು. ವಾಪಸ್ ಬಂದರೆ ಗೋಣಿಚೀಲ ಮಾತ್ರ ಇತ್ತು.

ಈ ಕಥೆ ನಮ್ಮ ಮನೆಯಲ್ಲಿ ನೂರು ಸಲ ಆಗಿದೆ. ನೀನು ಹೇಳುವ ಪ್ರಕಾರ ನೀನು ಕಳೆದೇ ಹೋಗಿರಲಿಲ್ಲ. ನಮ್ಮ ಗೂಡು ಕೊಂಡವರ ಗಾಡಿ ಹಿಂದೆ ನಡೆದುಕೊಂಡು ಹೋಗಿ, ಗೂಡು ಬೇಯಿಸಿ ನೂಲು ತೆಗೆಯೋ ಫಿಲೇಚರ್ ನೋಡಿಕೊಂಡು ವಾಪಸ್ ಬರುತ್ತಿದ್ದೆ, ನಾನು ಎದುರಿಗೆ ಸಿಕ್ಕೆ. ನನ್ನ ಪ್ರಕಾರ ನಾನು ನಿನ್ನನ್ನು ಫಿಲೇಚರ್ ಬಾಗಿಲಲ್ಲಿ ಹಿಡಿದೆ. ಅದು ಇನ್ನೂ ತೀರ್ಮಾನ ಆಗದ ವ್ಯಾಜ್ಯ, ಇರಲಿ. ನಿನಗೆ ಗೊತ್ತಿಲ್ಲದ್ದು ನಡುವಿನ ನಲವತ್ತು ನಿಮಿಷ.

ಮೊದಲು ಮೈಕಿನಲ್ಲಿ ಕೂಗಿಸೋಣ ಅಂತ ಓಡಿದೆ. ಮೈಕ್ ಹಿಡಿದಿದ್ದವರು ಒಳ್ಳೆ ಮನುಷ್ಯ. ಕನ್ನಡ, ತೆಲುಗು, ಉರ್ದು ಮೂರರಲ್ಲೂ ಕೂಗ್ತೀನಿ, ಹೆದರಬೇಡಿ ಅಂದರು. ಹೆಸರು ಕೇಳಿದರು, ಹೇಳಿದೆ. ವಯಸ್ಸು ಕೇಳಿದರು, ಹೇಳಿದೆ. ಏನು ಬಟ್ಟೆ ಹಾಕಿದ್ದಾಳೆ ಅಂದರು.

ನನಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ಐದಕ್ಕೆ ನಿನ್ನನ್ನು ಎತ್ತಿ ಟೆಂಪೋಗೆ ಹತ್ತಿಸಿದ್ದು ನಾನೇ. ದಾರಿಯುದ್ದಕ್ಕೂ ನನ್ನ ತೊಡೆ ಮೇಲೇ ನಿದ್ದೆ ಮಾಡಿದ್ದೆ. ಲಂಗವೋ ಫ್ರಾಕೋ, ಕೆಂಪೋ ನೀಲಿಯೋ, ಒಂದೂ ಹೊಳೆಯಲಿಲ್ಲ. ಲಾಟಿನ ತೂಕ ಗ್ರಾಂ ಸಮೇತ ಇವತ್ತಿಗೂ ಬಾಯಲ್ಲಿದೆ, ಮೇಲೆ ಬರೆದೆನಲ್ಲ. ಅವರು ಮೈಕ್ ಹಿಡಿದುಕೊಂಡು ನನ್ನ ಮುಖ ನೋಡುತ್ತಿದ್ದರು. 'ಹಸಿರು ಲಂಗ' ಅಂದುಬಿಟ್ಟೆ. ಸುಮ್ನೆ. ಏನೋ ಒಂದು ಹೇಳಬೇಕಲ್ಲ ಅಂತ. ಮೂರು ಭಾಷೆಯಲ್ಲಿ ಹಸಿರು ಲಂಗದ ಹುಡುಗಿಯನ್ನು ಹುಡುಕಿಸಿದೆ. ಹಮಾಲರು, ರೀಲರುಗಳು, ಟೀ ಹುಡುಗ, ಎಲ್ಲರೂ ಪಾಪ ಹಸಿರು ಲಂಗ ಹುಡುಕಿದರು. ನೀನು ಅವರ ಕಣ್ಣ ಮುಂದೆ ನಡೆದು ಹೋಗಿದ್ದರೂ ಯಾರೂ ನಿಲ್ಲಿಸುತ್ತಿರಲಿಲ್ಲ.

ಅಲ್ಲಿಂದ ಬಸ್ ಸ್ಟ್ಯಾಂಡು. ಚಿಂತಾಮಣಿ ಬಸ್ಸು ಹೊರಡುತ್ತಿತ್ತು, ಅಡ್ಡ ನಿಂತು ಒಳಗೆ ಹತ್ತಿ ಒಂದೊಂದು ಸೀಟೂ ನೋಡಿದೆ. ಕಂಡಕ್ಟರು ಬೈದ. ಅಲ್ಲೂ ಹಸಿರು ಲಂಗ ಅಂತಲೇ ಕೇಳಿದೆ. ಒಂದು ಸಲ ಹೇಳಿದ ಮೇಲೆ ನನಗೇ ಅದು ನಿಜ ಅನ್ನಿಸಿಬಿಟ್ಟಿತ್ತು. ಕೊನೆಗೆ ಫಿಲೇಚರುಗಳ ಬೀದಿ. ಬೇಯುವ ಗೂಡಿನ ವಾಸನೆ, ಹಬೆ. ಒಂದು ಬಾಗಿಲಲ್ಲಿ ನೀನು ನಿಂತಿದ್ದೆ.

ಹಳದಿ. ಹಳದಿ ಫ್ರಾಕು, ಕತ್ತಿನ ಸುತ್ತ ಬಿಳಿ ಲೇಸು. ನಿಮ್ಮತ್ತೆ ಹೊಲಿಸಿ ಕೊಟ್ಟಿದ್ದು.

ಬೀದಿಯಲ್ಲೇ ಹೊಡೆದೆ. ಕೆನ್ನೆ ಮೇಲೆ ಬೆರಳು ಮೂಡುವ ಹಾಗೆ. ಹೇಳದೆ ಹೋಗಿದ್ದಕ್ಕೆ ಹೊಡೆದರು ಅಂತ ನೀನು ಇಷ್ಟು ವರ್ಷ ಅಂದುಕೊಂಡಿದ್ದೀಯ. ಫ್ರಾಕು ಹಳದಿ ಇದ್ದಿದ್ದಕ್ಕೆ ಹೊಡೆದೆ ಕಣಮ್ಮ. ನಿಮ್ಮಮ್ಮನಿಗೂ ಇದು ಗೊತ್ತಿಲ್ಲ. ಈಗ ಓದಿದರೆ ಗೊತ್ತಾಗುತ್ತದೆ.

ಊರಿಗೆ ಬರುವಾಗ ಬಸ್ಸಿನಲ್ಲಿ ಅತ್ತು ಅತ್ತು ಸುಮ್ಮನಾದ ಮೇಲೆ ನೀನು ಕೇಳಿದೆ. 'ಅಪ್ಪಾ, ಆ ಅಕ್ಕ ಬಿಸಿನೀರಲ್ಲೇ ಕೈ ಇಡ್ತಾರೆ, ಸುಡಲ್ವಾ?' ಅವರ ಬೆರಳು ಬೆಳ್ಳಗೆ ನೆನೆದು, ತುದಿಯಲ್ಲಿ ಚರ್ಮ ಸುಲಿದು ಹೋಗಿತ್ತು ಅಂದೆ. ಅಷ್ಟು ಹೊತ್ತಿಗೆ ನಾನು ಹದಿನೈದು ವರ್ಷದಿಂದ ಗೂಡು ಮಾರುತ್ತಿದ್ದೆ. ಆ ಬೆರಳು ನೋಡಿರಲಿಲ್ಲ. ತೂಕ ಆಯಿತು, ದುಡ್ಡು ಬಂತು, ಗೂಡು ಎಲ್ಲಿಗೆ ಹೋದರೆ ನನಗೇನು.

ಇಷ್ಟುದ್ದ ಬರೆಯಬೇಕು ಅಂತ ಇರಲಿಲ್ಲ. ವೀಸಾ ವಿಷಯ ಬರೆಯೋಣ ಅಂತ ಕೂತೆ.

ಭಾನುವಾರ ನೀನು 'ಕಷ್ಟ ಅಂತ ಹೋಗ್ತಿಲ್ಲ ಅಪ್ಪಾ, ಇಲ್ಲಿ ನಂಗೆ ಹೊಂದ್ತಿಲ್ಲ' ಅಂದೆ. ನಾನು 'ಹೊಂದದೆ ಇರೋಕೆ ಅದೇನು ಚಪ್ಪಲಿನಾ' ಅಂದೆ. ಚಪ್ಪಲಿಯಾದರೆ ಬದಲಾಯಿಸಬಹುದು ಅಂತ ನೀನು ಅನ್ನಬಹುದಿತ್ತು. ಅನ್ನಲಿಲ್ಲ.

ನನಗೆ ಸಿಟ್ಟು ಬಂದಿದ್ದಕ್ಕೂ ಕಾರಣ ಇದೆ. ನನ್ನನ್ನು ಯಾರೂ ಹೊಂದುತ್ತಾ ಅಂತ ಕೇಳಲಿಲ್ಲ. ಪಿಯುಸಿ ಮುಗಿಯಿತು, ಸೊಪ್ಪು ಕುಯ್ಯೋ ಕುಡುಗೋಲು ಕೈಗೆ ಬಂತು. ಆಮೇಲೆ ಹೊಂದಿತು ಅನ್ನು.

ನೀನು ಬಿಟ್ಟು ಹೋದ ಆ ಜರ್ಮನಿ ವೀಸಾದ, ಆಪರ್ಚುನಿಟಿ ಕಾರ್ಡಿನ ಹಾಳೆ ಎರಡು ದಿನ ಟಿವಿ ಮೇಲೇ ಇತ್ತು. ಮಂಗಳವಾರ ಕನ್ನಡಕ ಹಾಕಿಕೊಂಡು ಓದಿದೆ. 2024ರ ಜೂನಿನಲ್ಲಿ ಶುರು ಮಾಡಿದ್ದಂತೆ. ಕೆಲಸ ಕೈಯಲ್ಲಿ ಇಲ್ಲದೆಯೂ ಹೋಗಿ ಒಂದು ವರ್ಷ ಅಲ್ಲೇ ಇದ್ದು ಹುಡುಕಬಹುದು, ಅಲ್ಲಿಯವರೆಗೆ ವಾರಕ್ಕೆ 20 ಗಂಟೆ ಚಿಲ್ಲರೆ ಕೆಲಸ ಮಾಡಿಕೊಳ್ಳಬಹುದು. ಡಿಗ್ರಿ ಅಲ್ಲಿನದಕ್ಕೆ ಸಮ ಅಂತ ಪೂರ್ತಿ ಒಪ್ಪಿದರೆ ಅಂಕದ ಗೋಜೇ ಇಲ್ಲ. ಒಪ್ಪದಿದ್ದರೆ 6 ಅಂಕ ಬೇಕು. ಅದಕ್ಕೂ ನೀನು ಪೆನ್ಸಿಲಿನಲ್ಲಿ ಲೆಕ್ಕ ಹಾಕಿಟ್ಟಿದ್ದೀಯ. ವಯಸ್ಸು 35 ದಾಟಿಲ್ಲ, 2. ಜರ್ಮನ್ ಭಾಷೆ ಬಿ1 ಮಟ್ಟ, 2. ಇಂಗ್ಲಿಷ್ ಸಿ1, 1. ಎಲೆಕ್ಟ್ರಿಕಲ್ ಇಂಜಿನಿಯರುಗಳು ಅಲ್ಲಿ ಸಾಲದು, ಅದಕ್ಕೆ 1. ಕೆಳಗೆ ಎರಡು ಗೆರೆ. ಸರಿಯಾಗಿ ಆರು. ನಾನೂ ಕೂಡಿ ನೋಡಿದೆ.

ಜೊತೆಗೆ ಬರುವ ಗಂಡನಿಗೂ ಆ ಕಾರ್ಡಿನ ಅರ್ಹತೆ ಇದ್ದರೆ ಇನ್ನೊಂದು ಅಂಕ ಅಂತೆ. ಅದನ್ನು ಗಟ್ಟಿಯಾಗಿ ಓದಿದೆ. ನಿಮ್ಮಮ್ಮ ಅಡುಗೆಮನೆಯಿಂದ ಇಣುಕಿ ನೋಡಿದಳು. ಮುಂದೆ ಓದಲಿಲ್ಲ.

ಆದರೆ ಅನುಭವ ಅನ್ನುವ ಸಾಲಿನ ಮುಂದೆ ನೀನು ಸೊನ್ನೆ ಬರೆದಿದ್ದೀಯ. ಆರು ವರ್ಷ ಕೆಲಸ ಮಾಡಿ ಸೊನ್ನೆ ಯಾಕೆ ಅಂತ ತಲೆ ಕೆಡಿಸಿಕೊಂಡೆ. ಓದಿದ್ದಕ್ಕೆ ಸಂಬಂಧಪಟ್ಟ ಅನುಭವ ಆಗಿರಬೇಕಂತೆ. ಎಲೆಕ್ಟ್ರಿಕಲ್ ಓದಿ ನೀನು ಬ್ಯಾಂಕಿನ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುತ್ತೀಯ ಅಂತ ನಿಮ್ಮಮ್ಮ ಹೇಳಿದಳು. ಆರು ವರ್ಷದಿಂದ ಯಾರಾದರೂ ನಿನ್ನ ಕೆಲಸ ಏನು ಅಂದರೆ ನಾನು 'ಕಂಪ್ಯೂಟರ್' ಅನ್ನುತ್ತೇನೆ. ಅದೂ ಹಸಿರು ಲಂಗವೇ.

ನಿನಗೆ ಕರೆಂಟಿನ ಹುಚ್ಚು ಹತ್ತಿದ್ದು ಯಾಕೆ ಅಂತ ನಾನಾದರೂ ತಿಳಿದುಕೊಳ್ಳಬೇಕಿತ್ತು. 1,300 ಅಡಿ ಬೋರು, ತ್ರೀಫೇಸ್ ಬರುವುದು ರಾತ್ರಿ ಎರಡಕ್ಕೆ. ನನಗೆ ಸೊಂಟ ಹಿಡಿದುಕೊಂಡಿದ್ದ ವರ್ಷ ಟಾರ್ಚ್ ಹಿಡಿದು ಹೋಗಿ ಸ್ಟಾರ್ಟರ್ ಒತ್ತಿ ಬರುತ್ತಿದ್ದವಳು ನೀನು. ಮಾರನೇ ದಿನ ಪರೀಕ್ಷೆ ಇದ್ದರೂ. 'ಹಗಲು ಹೊತ್ತು ಯಾಕಪ್ಪ ಕೊಡಲ್ಲ, ಎಲ್ಲಿ ಹೋಗುತ್ತೆ ಕರೆಂಟು' ಅಂತ ಕೇಳುತ್ತಿದ್ದೆ. ಜರ್ಮನಿಯಲ್ಲಿ ಉತ್ತರದ ಕಡೆಯ ಗಾಳಿ ಕರೆಂಟನ್ನು ದಕ್ಷಿಣದ ಫ್ಯಾಕ್ಟರಿಗಳಿಗೆ ಒಯ್ಯೋಕೆ ಸುಮಾರು 700 ಕಿಲೋಮೀಟರ್ ನೆಲದಡಿ ಕೇಬಲ್ ಹೂಳುತ್ತಿದ್ದಾರಂತಲ್ಲ. ಅಂಥ ಕೆಲಸ ನಿನಗೆ ಬೇಕು ಅಂತ ನನಗೆ ಗೊತ್ತಾಗಿದ್ದು ನೀನು ಹೋದ ಮೇಲೆ. ಪಾವಗಡದಲ್ಲೇ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆಯಲ್ಲ, ಇಲ್ಲೇ ನೋಡಬಾರದಾ ಅಂದೆ. 'ಅವಳು ನೋಡದೆ ಇರ್ತಾಳಾ' ಅಂದಳು ನಿಮ್ಮಮ್ಮ. ಸುಮ್ಮನಾದೆ. ನನಗೆ ಈಗಲೂ ಪೂರ್ತಿ ಸಮಾಧಾನ ಇಲ್ಲ, ಸುಳ್ಳು ಯಾಕೆ ಹೇಳಲಿ.

ದುಡ್ಡಿನ ಲೆಕ್ಕವನ್ನೂ ನೋಡಿದೆ. ಅಲ್ಲಿನ ಖರ್ಚಿಗೆ ಅಂತ ಮೊದಲೇ ಕಟ್ಟಿಡೋ ಬ್ಲಾಕ್ಡ್ ಅಕೌಂಟಿಗೆ ತಿಂಗಳಿಗೆ 1,091 ಯೂರೋ ಅಂದರೆ ವರ್ಷಕ್ಕೆ 13,092. ಯೂರೋಗೆ ನೂರು ರೂಪಾಯಿ ಅಂತ ಹಿಡಿದರೂ 13 ಲಕ್ಷ. ಗೂಡು ಕೇಜಿಗೆ 600 ಅಂತ ಇಟ್ಟುಕೊಂಡರೆ ಎರಡು ಟನ್ನಿಗಿಂತ ಜಾಸ್ತಿ. ಅಷ್ಟನ್ನೂ ನೀನೇ ಕೂಡಿಟ್ಟಿದ್ದೀಯ, ಒಂದು ರೂಪಾಯಿ ಕೇಳಲಿಲ್ಲ. ಹೆಮ್ಮೆ ಆಗಬೇಕು, ಆಯಿತು. ಕೇಳಿದ್ದರೆ 'ಇಲ್ಲ' ಅನ್ನೋಕಾದರೂ ನನಗೊಂದು ಅವಕಾಶ ಇರುತ್ತಿತ್ತು ಅಂತಲೂ ಅನ್ನಿಸಿತು.

ಈಗ ನಾನು ಹೇಳುವುದನ್ನು ಬೇಜಾರಿಲ್ಲದೆ ಓದು. ಕೆಲಸ ಕೊಡಿಸ್ತೀವಿ ಅಂತ ವಾಟ್ಸಾಪಿನಲ್ಲಿ ಬರುವ ಏಜೆಂಟರಿಗೆ ಒಂದು ಪೈಸೆ ಕೊಡಬೇಡ. ಪಾಸ್‌ಪೋರ್ಟ್ ಯಾರ ಕೈಗೂ ಕೊಟ್ಟು ಕೂರಬೇಡ. ಕಣ್ಣಲ್ಲಿ ನೋಡದ ಮನೆಗೆ ಅಡ್ವಾನ್ಸ್ ಕಳಿಸಬೇಡ. ಮನೆ ಸಿಕ್ಕಿ ಸೇರಿಕೊಂಡ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕಂತೆ, ನಾಳೆ ಮಾಡೋಣ ಅಂತ ಬಿಡಬೇಡ, ನಿನಗೆ ಆ ಅಭ್ಯಾಸ ಇದೆ. ಯಾರ ಸಾಲಕ್ಕೂ ಜಾಮೀನು ನಿಲ್ಲಬೇಡ, ನಾನು ನಿಂತು ಏನಾಯಿತು ಗೊತ್ತಲ್ಲ. ಬಿ1ಕ್ಕೆ ನಿಲ್ಲಿಸಬೇಡ, ಭಾಷೆ ಬರದಿದ್ದರೆ ಎಂಥ ಇಂಜಿನಿಯರಾದರೂ ಮೂಕ. ಎಂಟನೇ ತಿಂಗಳಿಗೂ ಕೆಲಸ ಸಿಗದಿದ್ದರೆ ನಮಗೆ ಹೇಳು, ಹನ್ನೆರಡನೇ ತಿಂಗಳವರೆಗೆ ಮುಚ್ಚಿಡಬೇಡ. ರಾತ್ರಿ ಊಟ ಬಿಡಬೇಡ. ಬ್ರೆಡ್ಡು ಊಟ ಅಲ್ಲ.

ಇಲ್ಲಿಯವರೆಗೆ ನಿಮ್ಮಮ್ಮನಿಗೆ ಓದಿ ಹೇಳಿದೆ, ಆ ಹಳದಿ ಫ್ರಾಕಿನದು ಬಿಟ್ಟು. 'ಇದೇನು ಮಗಳಿಗೆ ಕಾಗದವೋ ಪಂಚಾಯ್ತಿ ನೋಟೀಸೋ' ಅಂದಳು.

ಭಾಷೆ ವಿಷಯ ಬಂತಲ್ಲ, ಹೋದ ಶನಿವಾರ ನೀನು ಮಹಡಿ ಮೇಲೆ ಬಾಯಿಪಾಠ ಮಾಡುತ್ತಿದ್ದೆ. ಹುಡುಗಿ ಅನ್ನೋದಕ್ಕೆ ಜರ್ಮನಿನಲ್ಲಿ 'ಅದು' ಅಂತಾರೆ, ದಾಸ್ ಮೇಡ್‌ಷೆನ್, ಎಂಥಾ ಭಾಷೆ ಅಂತ ನೀನು ನಕ್ಕೆ. ನಿಮ್ಮಜ್ಜಿ ತೆಲುಗಲ್ಲಿ 'ಅಮ್ಮಾಯಿ ವಚ್ಚಿಂದಿ' ಅನ್ನುತ್ತಿದ್ದಳಲ್ಲ, ಅಲ್ಲೂ ಹುಡುಗಿ ಬಂದರೂ ಹಸು ಬಂದರೂ ಒಂದೇ 'ವಚ್ಚಿಂದಿ'. ನಾವೂ ಪ್ರೀತಿ ಬಂದರೆ 'ನಮ್ಮ ಹುಡುಗಿ ಬಂತು' ಅಂತಲೇ ಅಲ್ವಾ ಅನ್ನೋದು. ನಿನಗೆ ಕಷ್ಟ ಆಗಲ್ಲ ಬಿಡು.

ಸೋಮವಾರ ಮಾರ್ಕೆಟ್ಟಿನಿಂದ ಆ ಬೀದಿಗೂ ಹೋಗಿದ್ದೆ. ಆ ಫಿಲೇಚರ್ ಈಗಿಲ್ಲ, ಶಟರ್ ಹಾಕಿದ ಗೋಡೌನ್ ಆಗಿದೆ. ಬಾಗಿಲ ಮುಂದೆ ನಿಂತು ನೆನಪು ಮಾಡಿಕೊಂಡೆ. ನಾನು ಬಂದಾಗ ನಿನಗೆ ನಾನು ಮೊದಲು ಕಂಡೆ. 'ಅಪ್ಪಾ' ಅಂತ ಕರೆದಿದ್ದು ನೀನು. ಒಳಗೆ ನೋಡುತ್ತಾ ನಿಂತಿದ್ದರೆ ಬೀದಿಯಲ್ಲಿ ಬರುವವನು ಕಾಣುತ್ತಿರಲಿಲ್ಲ. ಹಾಗಾದರೆ ನೀನು ಈ ಕಡೆಗೇ ತಿರುಗಿದ್ದೆ. ವಾಪಸ್ ಬರುತ್ತಿದ್ದೆ ಅನ್ನೋದು ಸರಿಯೇ ಇರಬೇಕು.

ಹುಳ ಚಳಿಗೆ ಒಂದೆರಡು ದಿನ ಹಿಂದೆ ಬಿದ್ದಿವೆ. ಮುಂದಿನ ವಾರದ ಕೊನೆಗೆ ಹಣ್ಣಾಗುತ್ತವೆ, ಗೂಡು ಕಟ್ಟೋಕೆ ಚಂದ್ರಿಕೆ ತಟ್ಟೆಗೆ ಬಿಟ್ಟ ಐದಾರು ದಿನಕ್ಕೆ ಗೂಡು ಬಿಡಿಸಬೇಕು. ಆಳು ಸಿಗುವುದು ಕಷ್ಟ. ವೀಸಾ ಆಫೀಸಿಗೆ ಹೋಗೋ ದಿನ ಯಾವುದು ಅಂತ ಹೇಳಲೇ ಇಲ್ಲ ನೀನು. ಅದು ಬಿಟ್ಟು ಬೇರೆ ದಿನ ನೋಡಿಕೊಂಡು ಬಾ.

ಚೀಲದ ತಳದಲ್ಲಿ ಡಬ್ಬಿ ಇದೆ, ಹಿತಕಿದ ಬೇಳೆ. ಈ ಸಲದ್ದು ನಾನು ಹಿತಕಿದ್ದು, ಅರ್ಧ ಪುಡಿ ಆಗಿದೆ. ಡಬ್ಬಿ ನಿಮ್ಮ ಚಿಕ್ಕಮ್ಮಂದು. ಅವನ ಕೈಲಿ ಕಳಿಸಬೇಡ, ಕಳೆದುಹಾಕುತ್ತಾನೆ. ನೀನೇ ತಗೊಂಡು ಬಾ.

ನಿಮ್ಮಪ್ಪ